ಕಲಾಯಿ ಇಲ್ಲದ ಬೋಗಾಣಿ

ಬೈಲಹೊಂಗಲದ ಪೇಟೆಯಲ್ಲಿ ನನ್ನ ಸೋದರಮಾವನದು ಭಾಂಡೆ ಅಂಗಡಿ. ತಾಮ್ರದ ಹಂಡೆ, ಕೊಡ, ಹಿತ್ತಾಳೆಯ ಬೋಗಾಣಿ, ಪರಾತ ಎಲ್ಲ ಅವನಲ್ಲಿ ಸಿಗುತ್ತಿದ್ದವು. ರಾಮದುರ್ಗದ ಕಡೆಯಿಂದಲೂ ಮದುವೆಯ ಮನೆಯವರು ಬರುತ್ತಿದ್ದರು. ಎಪ್ಪತ್ತರ ದಶಕದ ನಡುವಿನಲ್ಲಿ ಅವನು ಅರಳೆ ವ್ಯಾಪಾರಕ್ಕೆ ಇಳಿದು ಕೈ ಸುಟ್ಟುಕೊಂಡ. ದಿವಾಳಿ ಅರ್ಜಿ ಹಾಕುವುದೊಂದೇ ದಾರಿ ಎಂದಾದಾಗ ವಕೀಲರಿಗಿಂತ ಮೊದಲು ಅವನು ಕರೆದದ್ದು ನನ್ನನ್ನು. ನಾನಾಗ ಬೆಳಗಾವಿಯಲ್ಲಿ ಕಾಯಿದೆ ಓದುತ್ತಿದ್ದೆ. ಫೀ ಕಟ್ಟುತ್ತಿದ್ದವನೂ ಅವನೇ.

“ಏನ ವಕೀಲಬಾಯಿ, ಅಡಗಿ ಭಾಂಡೆ ಜಪ್ತಿ ಮಾಡೂಹಂಗಿಲ್ಲಂತ ಕಾಯ್ದೆದಾಗ ಐತಂತಲ್ಲ?”

“ಐತಿ ಮಾಮಾ. ಆದ್ರ ಅದು ಮನಿಯಾಗ ದಿನಾ ಬಳಸೂವು.”

“ನನ್ನ ಅಂಗಡಿ ತುಂಬ ಇರೂದು ಮತ್ತೇನ? ಅಡಗಿ ಭಾಂಡೇನ ಅಲ್ಲ?”

ಇಬ್ಬರೂ ನಕ್ಕೆವು. ನಗು ನಿಂತಿತು, ನನ್ನ ತಲೆ ನಿಲ್ಲಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದು ಒಂದೇ: ನಿನಗೆ ಯಾವ ಪಕ್ಷ ಬಂದಿದೆಯೋ ಅದನ್ನು ಗೆಲ್ಲಿಸು, ಸರಿತಪ್ಪು ಆಮೇಲೆ. ಮಾವನ ಪಕ್ಷವನ್ನು ಗೆಲ್ಲಿಸುವ ದಾರಿ ಹತ್ತು ನಿಮಿಷದಲ್ಲಿ ಹೊಳೆಯಿತು. ನಮ್ಮ ಕಡೆ ಮದುವೆಯಲ್ಲಿ ಕೊಟ್ಟ ಭಾಂಡೆಗಳ ಮೇಲೆ ಹುಡುಗಿಯ ಹೆಸರು, ಲಗ್ನದ ತಾರೀಖು ಹೊಡೆಸುತ್ತಾರೆ. ಹಾಗೆ ಹೆಸರು ಬಿದ್ದದ್ದು ಅವಳದೇ, ಯಾರೂ ಕೇಳುವಂತಿಲ್ಲ. ನನ್ನ ಅಕ್ಕನ ಲಗ್ನವಾಗಿ ಮೂರು ವರ್ಷವಾಗಿತ್ತು. ಗಂಡನ ಮನೆ ಸವದತ್ತಿ ತಾಲೂಕಿನ ಸಿರಸಂಗಿ. ಅಲ್ಲಿ ಮಹಿಳಾ ಮಂಡಳದ ಬಾಲವಾಡಿ ನಡೆಸುತ್ತಿದ್ದಳು.

ಅಂಗಡಿಯ ಒಳಕೋಣೆಯಲ್ಲಿ ಕೂತು ಮಾವ ಸಣ್ಣ ಉಳಿಯಿಂದ ಒಂದೊಂದರ ಮೇಲೂ ಅಕ್ಕನ ಹೆಸರು ಹೊಡೆದ. ತಾರೀಖು ಹೇಳಿಕೊಟ್ಟವಳು ನಾನು. ಹೊಸ ಮಾಲಿನಲ್ಲಿ ಒಳ್ಳೆಯದೆಲ್ಲ ಹತ್ತಿಕಾಳಿನ ಲಾರಿಯಲ್ಲಿ ಚೀಲಗಳ ಕೆಳಗೆ ಸಿರಸಂಗಿಗೆ ಹೋಯಿತು. ಆಮೇಲೆ ಮಾವ ಉಳಿದ ಆಸ್ತಿಯ ಯಾದಿ ಮಾಡಿ, ಇಷ್ಟೇ ಇರುವುದು ಎಂದು ಪ್ರಮಾಣ ಮಾಡಿ ಕೋರ್ಟಿಗೆ ಕೊಟ್ಟ. ಆಸ್ತಿ ಬಚ್ಚಿಟ್ಟವನಷ್ಟೇ ಅಲ್ಲ, ಬಚ್ಚಿಡಲು ನೆರವಾದವರೂ ಅಪರಾಧಿಗಳು ಎಂಬುದನ್ನು ನಾನು ಅದೇ ವರ್ಷ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ.

ಸಾಲ ಕೊಟ್ಟವರಲ್ಲಿ ಕಿತ್ತೂರಿನ ಒಬ್ಬ ಮುದುಕ ಇದ್ದ, ಭಾಂಡೆ ಬಡಿಯುವ ಕಸುಬಿನವನು. ಆ ಮಾಲಿನಲ್ಲಿ ಬಹಳಷ್ಟು ಅವನು ಉದ್ರಿ ಕೊಟ್ಟದ್ದು. ಯಾದಿಯಲ್ಲಿ ಅದು ಕಾಣದಿದ್ದಾಗ ಅವನು ಸುಮ್ಮನೆ ಕೂಡಲಿಲ್ಲ. ಊರೂರು ತಿರುಗಿ ಲಾರಿಯ ಡ್ರೈವರನನ್ನು ಹಿಡಿದ. ದಿವಾಳಿಯಾದವನ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದ್ದ ರಿಸೀವರ್ ಸಾಹೇಬರು ಅಕ್ಕನಿಗೆ ನೋಟೀಸು ಕಳಿಸಿದರು. ಉತ್ತರ ಬರೆದವಳು ನಾನು. ಭಾಂಡೆಗಳು ಲಗ್ನದಲ್ಲಿ ಬಂದವು ಎಂದಷ್ಟೇ ಬರೆದಿದ್ದರೆ ಪಾರಾಗುತ್ತಿದ್ದೆವೇನೋ. ಒಂದು ಬೇಲಿ ಸಾಲದೆಂದು ಇನ್ನೊಂದು ಹಾಕಿದೆ: ಮೂರು ವರ್ಷದಿಂದ ಇವುಗಳಲ್ಲೇ ದಿನವೂ ಅಡುಗೆ ನಡೆದಿದೆ. ಅಕ್ಕ ಓದಿ ನೋಡಲಿಲ್ಲ. “ನೀ ಬರದೀ ಅಂದ್ರ ಸರೀನ ಇರ್ತೈತಿ” ಎಂದು ಸಹಿ ಮಾಡಿದಳು.

ಹದಿನೈದು ದಿನಕ್ಕೆ ರಿಸೀವರು ಮುದುಕನನ್ನು ಕರೆದುಕೊಂಡು ಸಿರಸಂಗಿಗೆ ಬಂದರು. ಸುದ್ದಿ ಮೊದಲೇ ತಿಳಿದು ನಾನೂ ಹೋಗಿ ಕೂತಿದ್ದೆ. ಮುದುಕ ಹೆಸರನ್ನು ನೋಡಲೇ ಇಲ್ಲ. ಒಂದು ದೊಡ್ಡ ಬೋಗಾಣಿಯನ್ನು ಬಾಗಿಲ ಬೆಳಕಿಗೆ ತಂದು ಒಳಗೆ ಬೆರಳಾಡಿಸಿದ.

“ತಂಗೀ, ಇದರಾಗ ಮೂರ ವರ್ಷ ಬ್ಯಾಳಿ ಕುದಿಸೀರಿ ಅಂತ ಬರದೀರಂತ. ಕಲಾಯಿ ಎಲ್ಲೈತವಾ?”

ಅಕ್ಕ ನನ್ನ ಮುಖ ನೋಡಿದಳು. ಹಿತ್ತಾಳೆಗೆ ಒಳಗೆ ತವರದ ಕಲಾಯಿ ಹಾಕಿಸದೆ ಹುಳಿ ಕುದಿಸಿದರೆ ಕಿಲುಬೇರಿ ಊಟ ವಿಷವಾಗುತ್ತದೆ. ನಮ್ಮ ಓಣಿಯ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ನಾನು ಯಾರನ್ನೂ ಕೇಳಿರಲಿಲ್ಲ.

“ಹೋಗೈತ್ರಿ” ಎಂದೆ. “ಸವದ ಹೋಗೈತಿ. ಮತ್ತ ಹಾಕಸಬೇಕಂತ ತಿಕ್ಕಿ ತೊಳದ ಇಟ್ಟೇವಿ.”

“ಎಲ್ಲಾದ್ದೂ ಒಮ್ಮೆಲೇ ಸವದೈತೇನ?” ಮುದುಕ ನಕ್ಕ. “ತಳಾನೂ ತಿಕ್ಕೀರೇನವಾ? ಒಂದ ಚೂರರ ಮಸಿ ಬ್ಯಾಡೇನ?”

ರಿಸೀವರು ನನ್ನ ಮಾತನ್ನು ಹಾಗೆಯೇ ಬರೆದುಕೊಂಡರು. “ಉತ್ತರ ಅಂತೂ ಕೊಟ್ರಿ. ಕೋರ್ಟು ನೋಡಲಿ” ಎಂದರು. ಗೆದ್ದೆನೆಂದುಕೊಂಡೆ. ಮುದುಕ ಬೋಗಾಣಿಯನ್ನು ಮೆಲ್ಲಗೆ ಕೆಳಗಿಟ್ಟ.

“ಸಾಹೇಬ್ರ, ಕೋರ್ಟು ಬ್ಯಾಡ. ಇಲ್ಲೇ ಕಾಳಮ್ಮನ ಗುಡಿ ಐತಿ. ನಮ್ಮ ಕಸುಬಿನವರಿಗೆ ಆಕೀನ ತಾಯಿ. ಆಕಿ ಮುಂದ ನಿಂತು ಇವು ನನ್ನೂವು ಅಂತ ಒಂದ ಮಾತ ಹೇಳಲಿ. ನಾ ಎಲ್ಲಾ ಬಿಟ್ಟ ಹೊಕ್ಕೇನಿ.”

“ನಡೀರಿ, ನಾ ಹೇಳತೇನಿ” ಎಂದು ಎದ್ದು ನಿಂತೆ. ನನಗೆ ಅದು ಕಲ್ಲು. ಕಲ್ಲಿನ ಮುಂದೆ ಒಂದು ವಾಕ್ಯ ಹೇಳಲು ಏನು ಕಷ್ಟ?

“ನಿನ್ನ ಕೇಳಿಲ್ಲಬೇ. ನಿನಗ ಅಂಜಿಕಿಲ್ಲಂತ ಕಾಣತೈತಿ. ಅಕ್ಕನ್ನ ಕೇಳೇನಿ.”

ಅಕ್ಕ ನೆಲ ನೋಡುತ್ತಿದ್ದಳು. ನಾನು ಅವಳ ತೋಳು ಹಿಡಿದು, “ಹೋಗಿ ಹೇಳಿ ಬಾ, ಅಷ್ಟ” ಎಂದೆ. ಅವಳು ತೋಳು ಬಿಡಿಸಿಕೊಂಡು, “ನನ್ನೂವು ಅಲ್ಲರೀ ಅಜ್ಜಾ, ತಗೊಂಡ ಹೋಗ್ರಿ” ಎಂದಳು.

ರಿಸೀವರು ಉತ್ತರದ ಹಾಳೆ ತೆಗೆದರು. “ಇದನ್ನ ಬರದವರು ಯಾರು?” ಕೇಳಿದ್ದು ಅವಳನ್ನು, ನೋಡಿದ್ದು ನನ್ನನ್ನು.

“ನಾನ ರೀ” ಎಂದಳು ಅಕ್ಕ.

ಆ ಕ್ಷಣ ನಾನು ಬಾಯಿ ಬಿಡಬಹುದಿತ್ತು. ಕೇಸಾದರೆ ವಕೀಲಿ ಸನದು ಸಿಗುವುದಿಲ್ಲ, ಮಾವ ಕಟ್ಟಿದ ಫೀ ವ್ಯರ್ಥ, ಅಕ್ಕ ಸ್ವಂತ ಇಚ್ಛೆಯಿಂದ ಹೇಳುತ್ತಿದ್ದಾಳೆ... ವಾದಗಳು ಒಂದರ ಹಿಂದೊಂದು ಬಂದವು, ಒಂದೂ ತೊದಲಲಿಲ್ಲ. ಎಲ್ಲವನ್ನೂ ಕೇಳಿ ಮುಗಿಸುವಷ್ಟರಲ್ಲಿ ರಿಸೀವರು ಹಾಳೆ ಮಡಚಿದ್ದರು.

ಮಾವನಿಗೆ ಮೂರು ತಿಂಗಳು ಜೈಲಾಯಿತು. ಮಾಲು ಲಿಲಾವಿನಲ್ಲಿ ಮಾರಿಹೋಗಿ ಹಣ ಸಾಲ ಕೊಟ್ಟವರಿಗೆಲ್ಲ ಹಂಚಿಹೋಯಿತು. ಅಕ್ಕ ತಪ್ಪೊಪ್ಪಿಕೊಂಡಳು. ಅವಳಿಗೆ ದಂಡ, ಜೊತೆಗೆ ಕೋರ್ಟು ಏಳುವವರೆಗೆ ಸಜೆ. ಹಾಗೆಂದರೆ ಅಂದಿನ ಕೆಲಸ ಮುಗಿದು ನ್ಯಾಯಾಧೀಶರು ಏಳುವ ತನಕ ಕೋರ್ಟಿನಲ್ಲೇ ಕೂತಿರಬೇಕು. ಓದುವಾಗ ಇದೂ ಒಂದು ಶಿಕ್ಷೆಯೇ ಎಂದು ನಕ್ಕಿದ್ದೆ. ಬೈಲಹೊಂಗಲದ ಕೋರ್ಟಿನ ಗೋಡೆಯ ಬದಿಯ ಬಾಕಿನ ಮೇಲೆ ಅವಳು ಸೆರಗು ಹೊದ್ದು ಕೂತಳು. ಹೊಲದ ತಂಟೆಯವರು, ಕುಡಿದು ಹೊಡೆದಾಡಿದವರು ಬಂದರು, ಹೋದರು. ಬಂದವರೆಲ್ಲ ಅವಳನ್ನೊಮ್ಮೆ ನೋಡಿದರು. ಅವಳ ಗಂಡ ಹೊರಗೆ ಬೇವಿನ ಗಿಡದ ಕೆಳಗಿದ್ದ, ಒಳಗೆ ಬರಲಿಲ್ಲ. ಮಧ್ಯಾಹ್ನ ನಾನು ನೀರು ಒಯ್ದು ಕೊಟ್ಟೆ. “ನೀ ಹೋಗಿ ಉಣ್ಣು. ಇಲ್ಲಿ ಕುಂತ್ರ ನಿನ್ನ ಕಾಲೇಜಿನವರು ಯಾರರ ನೋಡ್ಯಾರು” ಎಂದಳು.

ನಾನು ಎದ್ದು ಹೋದೆ. ಉಣ್ಣಲೂ ಉಂಡೆ.

ಶಿಕ್ಷೆಯಾದವಳ ಹತ್ತಿರ ಮಕ್ಕಳನ್ನು ಬಿಡುವುದು ಹೇಗೆ ಎಂದು ಊರಿನಲ್ಲಿ ಮಾತು ಎದ್ದಿತು. ಯಾರಾದರೂ ಬಿಡಿಸುವ ಮೊದಲೇ ಕೆಲಸ ಬಿಡುತ್ತೇನೆಂದು ಅಕ್ಕ ನಾಲ್ಕು ಸಾಲು ಬರೆದಳು. ಬಾಲವಾಡಿಯ ಬೀಗದ ಕೈ ಮತ್ತು ಆ ಕಾಗದವನ್ನು ಮಹಿಳಾ ಮಂಡಳದ ಅಧ್ಯಕ್ಷೆಗೆ ಮುಟ್ಟಿಸಲು ನನ್ನನ್ನು ಕಳಿಸಿದಳು.

ವಯಸ್ಸಾದ ಆ ಬಾಯಿಯವರು ಕಾಗದ ಓದಿ ಕನ್ನಡಕ ತೆಗೆದರು. “ಹುಡುಗೂರು ಬೆಳಿಗ್ಗಿಂದ ಬಾಗಲದಾಗ ಕುಂತಾವ, ಅಕ್ಕೋರ ಎಲ್ಲಿ ಅಂತ ಕೇಳಾಕತ್ತಾವ. ಎಂಥಾ ಚಲೋ ಹೆಣ್ಣಮಗಳು! ಯಾರ ಮಾತ ಕೇಳಿ ಹಿಂಗ ಮಾಡಿದಳೋ ಏನೋ. ನೀವರ ಕಾಯ್ದೆ ಓದಿದವರು, ಒಂದ ಮಾತ ಬುದ್ಧಿ ಹೇಳಬಾರದಾಗಿತ್ತೇನ್ರಿ?”

“ಹೇಳಬೇಕಾಗಿತ್ರಿ” ಎಂದು ಬೀಗದ ಕೈಯನ್ನು ಅವರ ಮುಂದೆ ಇಟ್ಟು ಬಂದೆ.