ವೀರೇಶಣ್ಣನ ಕಾಲು ತೊಳೆದವರು

ಮೊನ್ನೆ ಭಾನುವಾರ ಪತ್ರಿಕೆಯ ಪುರವಣಿಯಲ್ಲಿ ಒಂದು ಚಿತ್ರ ನೋಡಿದೆ. ಬೆರಳ ತುದಿಯ ಮೇಲೆ, ಎಲ್‌ಎಸ್‌ಡಿ ಎಂಬ ಅಮಲಿನ ಮದ್ದು ಹೀರಿಸಿದ, ಉಗುರಿನಗಲದ ಬಣ್ಣದ ಕಾಗದ. ಎಲ್‌ಎಸ್‌ಡಿ ಮನಸ್ಸಿನ ಬಾಗಿಲು ತೆರೆಯುತ್ತದೆ ಎಂದು ಯಾರೋ ಪುಣ್ಯಾತ್ಮ ಕೆಳಗೆ ಬರೆದಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಪುರವಣಿಯನ್ನು ಮುದುರಿ ಎಸೆದೆ. ಹಿಂದಿನ ಪುಟದ ಪದಬಂಧ ಬಿಡಿಸುವುದಿತ್ತೆಂದು ಹೊಳೆದು, ಮತ್ತೆ ಎತ್ತಿಕೊಂಡು ಬಂದೆ. ನನ್ನ ಸಿಟ್ಟಿನ ಯೋಗ್ಯತೆಯೇ ಅಷ್ಟು.

ಬಾಗಿಲು ತೆರೆಯುತ್ತದೆ, ಸರಿ. ಮುಚ್ಚುವವರು ಯಾರು ಸ್ವಾಮಿ?

ವೀರೇಶಣ್ಣ ನಮ್ಮ ದೊಡ್ಡಪ್ಪನ ಮಗ. ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಅರ್ಧ ಅಂಗಡಿಗಳ ಬೋರ್ಡು ಬರೆದವನು. ಹಳದಿಯ ಮೇಲೆ ಕೆಂಪು ಅಕ್ಷರ ಬರೆದು ಕಪ್ಪು ನೆರಳು ಕೊಟ್ಟನೆಂದರೆ ಕಿರಾಣಿ ಅಂಗಡಿಗೂ ಒಂದು ಕಳೆ ಬರುತ್ತಿತ್ತು. ಒಮ್ಮೆ ಚಿತ್ರ ಬರೆಯಲು ಹಂಪಿಗೆ ಹೋದಾಗ, ಅಲ್ಲಿ ಬೀಡುಬಿಟ್ಟಿದ್ದ ಬಿಳಿಯನೊಬ್ಬ, ಬಣ್ಣಗಳು ಮಾತಾಡುತ್ತವೆ ಎಂದು ಹೇಳಿ ಅಂಥದೇ ಕಾಗದ ಕೊಟ್ಟನಂತೆ. ಅಣ್ಣ ಅದನ್ನು ಕುರುಗೋಡಿನ ಮನೆಗೆ ತಂದು, ಬೆಳಗಿನ ರೊಟ್ಟಿ ತಿಂದು, ನಾಲಿಗೆಯ ಮೇಲಿಟ್ಟುಕೊಂಡ.

ಆ ಮದ್ದು ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಪ್ರಯೋಗಶಾಲೆಯಲ್ಲಿ, ಧಾನ್ಯಕ್ಕೆ ಹತ್ತುವ ಒಂದು ಬೂಷ್ಟಿನ ಸಾರದಿಂದ. ಮೊದಲು ವೈದ್ಯರು ಮನೋರೋಗಿಗಳಿಗೆ ಕೊಟ್ಟು ನೋಡಿದರು. ಆಮೇಲೆ ಹುಡುಗರ ಕೈಗೆ ಬಂತು. ಸರ್ಕಾರಗಳು ನಿಷೇಧಿಸುವ ಹೊತ್ತಿಗೆ ದೇಶದೇಶ ಸುತ್ತಿತ್ತು. ಇದೆಲ್ಲ ನಾನು ಮುಂದೆ ಓದಿ ತಿಳಿದದ್ದು. ಅವತ್ತು ಅಲ್ಲಿದ್ದು ಕಂಡದ್ದು ಇಷ್ಟೆ: ಕಟ್ಟೆಯ ಮೇಲೆ ಕೂತ ಅಣ್ಣನ ಕಣ್ಣಪಾಪೆ ಹಿಗ್ಗಿತ್ತು, ನೋಟ ಎದುರಿನ ಗೋಡೆಗೆ ನೆಟ್ಟಿತ್ತು.

"ಗ್ವಾಡಿ ಉಸುರಾಡಾಕತ್ತೈತಿ ನೋಡ್ಲೇ," ಎಂದು ನಕ್ಕ. ಸ್ವಲ್ಪ ಹೊತ್ತಿಗೆ ಅಳತೊಡಗಿದ.

"ನನ್ನ ಮಗಗ ಶಿವ ಕಾಣಾಕತ್ತಾನ!" ಎಂದು ದೊಡ್ಡಪ್ಪ ಕೂಗಿದರು. ಓಣಿಯೇ ನೆರೆಯಿತು. ಗುರುಗಳ ಪಾದ ತೊಳೆದ ನೀರನ್ನು ಪಾದೋದಕವೆಂದು ಸ್ವೀಕರಿಸುವುದು ನಮ್ಮಲ್ಲಿ ಪದ್ಧತಿ. ಅಣ್ಣನನ್ನು ಮಣೆಯ ಮೇಲೆ ಕೂಡಿಸಿ, ಬೋರ್ಡಿನ ಬಣ್ಣ ಅಂಟಿದ್ದ ಅವನ ಕಾಲನ್ನೇ ತೊಳೆದರು.

"ಬ್ಯಾಡ್ರೀ, ನನಗ ಅಂಜಿಕಿ ಬರತೈತಿ," ಎಂದು ಅವನು ಕಾಲು ಎಳೆದುಕೊಂಡಷ್ಟೂ, ಎಂಥ ವಿನಯವೆಂದು ಮಂದಿ ಇನ್ನಷ್ಟು ಬಾಗಿದರು. ಅವನ ತಂಗಿ ಗಂಗಕ್ಕ ಮಾತ್ರ, "ಅಪ್ಪಾ, ಬಳ್ಳಾರಿ ದವಾಖಾನಿಗೆ ಕರಕೊಂಡು ಹೋಗೂನು," ಎಂದಳು.

"ದೇವರಿಗೆ ಇಂಜೆಕ್ಷನ್ ಮಾಡಸ್ತೀಯೇನು?" ಎಂದು ದೊಡ್ಡಪ್ಪ ಗದರಿದರು.

ರಾತ್ರಿಯ ಊಟದ ಹೊತ್ತಿಗೆ ಅಣ್ಣನ ಅಮಲು ಇಳಿಯಿತು. ಮಂದಿಯದು ಇಳಿಯಲಿಲ್ಲ. ಅವನು ಕಾಗದದ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದ. ಕೇಳಿಸಿಕೊಂಡ ದೊಡ್ಡಪ್ಪ ಏನಂದರು ಗೊತ್ತೆ? "ಸೋಮಾರ ಮಂದಿ ಬರ್ತಾರ. ಹಂಪಿಗೆ ಹೋಗಿ ಇನ್ನೊಂದು ತಗೊಂಡ್ ಬಾ."

ಬಿಳಿಯನನ್ನು ಒಂದು ಸಲ ಬೈದರೆ ದೊಡ್ಡಪ್ಪನನ್ನು ಹತ್ತು ಸಲ ಬೈಯುತ್ತೇನೆ. ಸತ್ತವರನ್ನು ಬೈಯಬಾರದಂತೆ. ಬೈಯುತ್ತೇನೆ. ಅಣ್ಣ ಹೋಗಿ ತಂದ. ಹಾಗೆ ಕೆಲವು ಸೋಮವಾರಗಳು ಕಳೆದ ಮೇಲೆ, ಕಾಗದವಿಲ್ಲದ ದಿನವೂ ಅಣ್ಣನಿಗೆ ದನಿಗಳು ಕೇಳತೊಡಗಿದವು. ಕಡೆಗೂ ನೋಡಿದ ಡಾಕ್ಟರು, ಎಲ್ಲರಿಗೂ ಹೀಗಾಗದು, ಆದರೆ ಕೆಲವರ ಮನಸ್ಸಿನಲ್ಲಿ ಮಲಗಿದ್ದ ಕಾಯಿಲೆಯನ್ನು ಇದು ಎಬ್ಬಿಸಿಬಿಡುತ್ತದೆ ಎಂದರು. ಅಣ್ಣ ಮತ್ತೆ ಕುಂಚ ಹಿಡಿಯಲಿಲ್ಲ. ಮಂದಿ ಬೇರೊಬ್ಬ ಸ್ವಾಮಿಯನ್ನು ಹುಡುಕಿಕೊಂಡರು.

ಪುರವಣಿ ನೋಡಿದ ಮರುದಿನ, ಮನೆಯಲ್ಲಿ ಕೂರಲಾಗದೆ, ಸಿರುಗುಪ್ಪದ ಬಸ್ಸು ಹತ್ತಿದೆ. ಅಣ್ಣ ಈಗ ಅಲ್ಲಿ ಗಂಗಕ್ಕನ ಮನೆಯಲ್ಲಿದ್ದಾನೆ. ಎಷ್ಟೋ ವರ್ಷದ ಮೇಲೆ ಕಂಡ ಹಿರಿಯನೆಂದು, ಯೋಚಿಸದೆ, ನಮಸ್ಕರಿಸಲು ಬಾಗಿದೆ. ಅವನು ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡು ಕೈಮುಗಿದ.

"ಬ್ಯಾಡ್ರೀ. ನಾ ದೇವರಲ್ಲರೀ. ನಾ ಬೋರ್ಡ್ ಬರಿಯೋ ವೀರೇಶ ಅದೀನ್ರೀ."

ತಮ್ಮನಾದ ನನ್ನನ್ನೂ ಅವನು ಕಾಲು ತೊಳೆಯಲು ಬಂದವನೆಂದೇ ತಿಳಿದಿದ್ದ.