ಮೂರನೆಯ ದಿಕ್ಕಿನ ಲೆಕ್ಕ

ಕಾಲೇಜಿನಲ್ಲಿ ಲೆಕ್ಕದ ಮೇಡಂ ಎಂದರೆ ಅವಳೇ. ದಿನಕ್ಕೆ ನಾಲ್ಕು ತರಗತಿ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಇವೆರಡರ ಸಂದಿಯಲ್ಲಿ ಹನ್ನೊಂದು ವರ್ಷದಿಂದ ಕುಂಟುತ್ತಿದ್ದ ಡಾಕ್ಟರೇಟು. ವಿಷಯ ವೇವ್‌ಲೆಟ್, ಅಂದರೆ ಪುಟ್ಟ ಅಲೆಗಳು. ಒಂದೇ ಅಲೆಯನ್ನು ಹಿಗ್ಗಿಸಿ, ಕುಗ್ಗಿಸಿ, ಅತ್ತಿತ್ತ ಸರಿಸಿ, ಅದರಿಂದಲೇ ಏನನ್ನಾದರೂ ಚೂರುಚೂರು ಮಾಡಿ ಮತ್ತೆ ಇದ್ದ ಹಾಗೆ ಕೂಡಿಸುವ ಸೂತ್ರ. ಸದ್ದಿಗೆ ಬದಲಾಗುವ ಅಳತೆ, ಅಂದರೆ ಚರ, ಒಂದೇ: ಕಾಲ. ಚಿತ್ರಕ್ಕೆ ಎರಡು. ಕೋಣೆಯೊಳಗಿನ ಸೆಕೆಗೆ ಮೂರು. ಎಷ್ಟು ಚರಗಳಿದ್ದರೂ ಸೂತ್ರ ನಡೆಯುತ್ತದೆ ಎಂದು ಅವಳ ಲೇಖನ ಹೇಳಿತ್ತು. ಎರಡಕ್ಕೆ ಹದಿನಾಲ್ಕು ಪುಟಗಳಲ್ಲಿ ಸಾಧಿಸಿ ತೋರಿಸಿ, ಮುಂದಿನದಕ್ಕೆ 'ಉಳಿದದ್ದೂ ಹೀಗೆಯೇ' ಎಂದು ಒಂದು ಸಾಲು ಬರೆದಿದ್ದಳು. ಎರಡಾದ ಮೇಲೆ ಎಲ್ಲವೂ ಹಾಗೆಯೇ ಎಂದುಕೊಳ್ಳುವುದು ಆ ಕಸುಬಿನವರ ಹಳೇ ಚಾಳಿ.

ಲೇಖನ ಒಂದು ಗಣಿತ ಪತ್ರಿಕೆಯಲ್ಲಿ ಒಪ್ಪಿಗೆಯಾಗಿ ಅಚ್ಚಿನ ಕರಡು ಬಂದಿತ್ತು. ಅದು ಪ್ರಕಟವಾದರೆ ಡಿಗ್ರಿ. ಆಗದಿದ್ದರೆ ತಿಂಗಳ ಕೊನೆಗೆ ನೋಂದಣಿಯೇ ರದ್ದು.

ಮಧ್ಯಾಹ್ನ ಮನೆಯ ಮೇಜಿನ ಮೇಲೆ ಕರಡು ಬಿಡಿಸಲು ಜಾಗ ಮಾಡುತ್ತ ಉತ್ತರಪತ್ರಿಕೆಗಳ ಕಟ್ಟನ್ನು ಮೊಣಕೈಯಿಂದ ತಳ್ಳಿದಳು. ಕಟ್ಟು ಬೀಳಲಿಲ್ಲ, ಓರೆಯಾಗಿ ಜಾರಿ ನಿಂತಿತು. ಹಿಗ್ಗಲಿಲ್ಲ, ಕುಗ್ಗಲಿಲ್ಲ, ಬರೀ ಜಾರಿತು. ಅವಳು ಕರಡಿನ ಆ ಒಂದು ಸಾಲಿಗೆ ತಿರುಗಿದಳು. ಎರಡು ಚರಗಳಲ್ಲಿ ಒಂದು ದಿಕ್ಕು ಹಿಗ್ಗಿದರೆ ಉಳಿಯುವುದು ಒಂದೇ ದಿಕ್ಕು, ಅದು ಜಾರಲಾರದು. ಮೂರಿದ್ದರೆ ಉಳಿದೆರಡು ಒಂದರ ಮೇಲೊಂದು ಹೀಗೆ ಜಾರಬಹುದು. ಜಾರಿದಷ್ಟೂ ಅಲೆಯನ್ನು ಕೂರಿಸಬೇಕಾದ ಬಿಂದುಗಳ ಎಣಿಕೆ ಏರುತ್ತದೆ, ಅದು ಮಿತಿ ಮೀರದು ಎಂಬುದರ ಮೇಲೆ ನಿಂತಿದ್ದ ಸಾಧನೆ ಅಲ್ಲಿಗೆ ಮುರಿಯುತ್ತದೆ. ನಾಲ್ಕು ಸಲ ಎಣಿಸಿದಳು. ಏರುತ್ತಲೇ ಇತ್ತು.

"ಸೂತ್ರಾನೇ ಸುಳ್ಳಾ?" ಎಂದ ವಿಷಯ ಕೇಳಿದ ಗಂಡ, ಅಮ್ಮನಿಗೆ ಗಂಜಿ ಆರಿಸುತ್ತ.

"ಗೊತ್ತಿಲ್ಲ. ನಿಜ ಇದ್ರೂ ಇರಬಹುದು. ನಾನು ತೋರಿಸಿಲ್ಲ, ಅಷ್ಟೇ."

"ಅದನ್ನ ಓದೋರು ಎಷ್ಟು ಜನ?"

"ನಾಲ್ಕೈದು ಜನ."

"ಮತ್ತೆ? ಕಣ್ಣು ಮುಚ್ಕೊಂಡು ಕಳಿಸಿಬಿಡು."

"ಗೊತ್ತಾಗೋದೇ ಆ ನಾಲ್ಕೈದು ಜನಕ್ಕೆ, ರೀ."

ಅವನು ಗಂಜಿ ಬಟ್ಟಲು ಹಿಡಿದು ಅಮ್ಮನ ಬಳಿಗೆ ಹೋದ. ಸರಿಪಡಿಸಲು ಒಂದು ವರ್ಷವಾದರೂ ಬೇಕು ಎಂದು ಅವಳಿಗೆ ಗೊತ್ತಿತ್ತು. ಎರಡೇ ಚರಗಳಿಗೆ ಮೊಟಕುಗೊಳಿಸಿದರೆ ಆ ಲೇಖನ ಯಾರಿಗೂ ಬೇಡ. ಅಳು ಬಂತು, ಅಳುವಷ್ಟು ತ್ರಾಣವಿರಲಿಲ್ಲ. ಲೇಖನ ವಾಪಸು ಪಡೆಯುತ್ತಿದ್ದೇನೆ ಎಂದು ಪತ್ರಿಕೆಗೆ ಮೂರು ಸಾಲು ಬರೆದು ಕಳಿಸಿದಳು.

ಸೋಮವಾರ ವಿಶ್ವವಿದ್ಯಾಲಯದ ನೋಂದಣಿ ಕಚೇರಿಯ ಗುಮಾಸ್ತ ರದ್ದತಿಯ ಅರ್ಜಿ ಮುಂದಿಟ್ಟ. "ಕಾರಣ ಹೇಳಿ ಮೇಡಂ. ಅನಾರೋಗ್ಯ, ಇಲ್ಲಾ ಸಂಸಾರದ ತೊಂದರೆ. ಎರಡೇ ಇರೋದು."

"ಎರಡೂ ಅಲ್ಲ."

"ಏನಾದ್ರೂ ಒಂದು ಹಾಕ್ಲೇಬೇಕು. ಅನಾರೋಗ್ಯ ಅಂತ ಹಾಕ್ಲಾ? ಯಾರು ಕೇಳ್ತಾರೆ?"

ಅವಳು ಪೆನ್ನು ಇಸಿದುಕೊಂಡು ಅಂಚಿನಲ್ಲಿ ಬರೆದಳು: 'ಎರಡಕ್ಕೆ ಸಾಧಿಸಿದೆ. ಮೂರಕ್ಕೆ ನನ್ನಿಂದ ಆಗಲಿಲ್ಲ.'

ಗುಮಾಸ್ತ ಓದದೆ ಮೊಹರು ಒತ್ತಿದ.