ಎರಡೂಕಾಲು ಮೀಟರಿನಲ್ಲಿ ಮೂರು ಜಂಪರ್

ಹುನಗುಂದದ ಹತ್ತಿರದ ಒಂದು ಊರಿನ ಶಾಲೆಗೆ ನಾನು ಗಣಿತ ಕಲಿಸಲು ಸೇರಿ ಆಗ ಎರಡು ತಿಂಗಳಾಗಿತ್ತು. ಆರನೆಯ ತರಗತಿಗೆ ಮಿಶ್ರ ಭಿನ್ನರಾಶಿಯ ಭಾಗಾಕಾರ ಹೇಳಿಕೊಡುತ್ತಿದ್ದೆ. ಎರಡೂಕಾಲು ಮೀಟರ್ ಬಟ್ಟೆಯನ್ನು ಮೂರು ಸಮಭಾಗ ಮಾಡಬೇಕು. ಎರಡೂಕಾಲನ್ನು 9/4 ಎಂದು ಬರೆದೆ. ಮುಂದೆ ಮೂರನ್ನು ತಲೆಕೆಳಗು ಮಾಡಿ 1/3ರಿಂದ ಗುಣಿಸಬೇಕಿತ್ತು. ಮಾತಿನ ಭರದಲ್ಲಿ ಮೂರರಿಂದಲೇ ಗುಣಿಸಿಬಿಟ್ಟೆ. ಉತ್ತರ ಆರೂಮುಕ್ಕಾಲು. ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು.

ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತಳು. "ಅಕ್ಕಾರ, ಎರಡೂಕಾಲು ಮೀಟರ್ ಅರಿವಿ ಮೂರು ತುಂಡು ಮಾಡಿದ್ರ ಒಂದೊಂದು ಆರೂಮುಕ್ಕಾಲು ಹೆಂಗ ಆಕ್ಕೈತ್ರಿ? ನಮ್ಮವ್ವ ಅಷ್ಟರಾಗ ಮೂರು ಜಂಪರ್ ಹೊಲಿತಾಳ್ರಿ. ನಿಮ್ಮ ಲೆಕ್ಕದಾಗ ಮೂರು ಸೀರಿ ಆಗ್ತಾವು!"

ರವಿಕೆಯ ಬಟ್ಟೆ ಸೀರೆಯಷ್ಟಾಗಿದ್ದಕ್ಕೆ ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ನನ್ನ ಮುಖ ಬಿಸಿಯಾಯಿತು. ಆದರೆ ಬೋರ್ಡಿನ ಕಡೆ ತಿರುಗಿ ನೋಡಿದಾಗ ನನಗೂ ನಗು ತಡೆಯಲಾಗಲಿಲ್ಲ.

"ತಪ್ಪು ನಂದss. ನಿಮ್ಮವ್ವ ಹೆಂಗ ಮಾಡ್ತಾಳ ಹೇಳು."

"ಎರಡೂಕಾಲಿನಾಗ ಒಂಬತ್ತು ಕಾಲು ಅದಾವ್ರಿ. ಮೂರು ಮಂದಿಗೆ ಮೂರು ಮೂರು ಕಾಲು. ಅಂದ್ರ ಮುಕ್ಕಾಲು ಮೀಟರ್."

ಹತ್ತು ನಿಮಿಷ ನಾನು ಹೇಳಿದ್ದಕ್ಕಿಂತ ಅವಳ ಮೂರು ಮಾತು ಮಕ್ಕಳಿಗೆ ಚೆನ್ನಾಗಿ ತಿಳಿದಿತ್ತು. ಸಂಜೆ ಅವಳ ಮನೆಗೇ ಹೋದೆ. ತಾಯಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ಒಂದು ದಿನ ಶಾಲೆಗೆ ಬಂದು ಬಟ್ಟೆ ಪಾಲು ಮಾಡಿ ತೋರಿಸಿ ಎಂದು ಕೇಳಿದೆ.

"ಅಯ್ಯ, ನಾಲ್ಕನೇ ಇಯತ್ತಿಗೆ ಸಾಲಿ ಬಿಟ್ಟಾಕಿ ರೀ ನಾ. ಹುಡುಗರು ನಗ್ತಾರ."

"ನನಗೂ ನಕ್ಕಾರ ಬಿಡ್ರಿ. ಏನೂ ಆಗಂಗಿಲ್ಲ, ಬರ್ರಿ."

ಶನಿವಾರ ಅವರು ಅಳತೆಯ ಟೇಪು, ಒಂದು ಹಳೆಯ ಪತ್ತಲದ ಸೀರೆ ಹಿಡಿದು ಬಂದರು. ಮಕ್ಕಳೇ ಲೆಕ್ಕ ಕೊಟ್ಟರು: ಮೂರೂವರೆ ಮೀಟರ್, ಇಬ್ಬರಿಗೆ. ನಾನು ಸ್ವಲ್ಪ ಹೆದರಿದೆ. ಮೂರೂವರೆಯಲ್ಲಿ ಏಳು ಅರ್ಧ, ಏಳನ್ನು ಇಬ್ಬರಿಗೆ ಸರಿಯಾಗಿ ಹಂಚಲು ಬರುವುದಿಲ್ಲ.

ಅವರು ಟೇಪು ಹಿಡಿದು ಪತ್ತಲದ ಮೇಲೆ ಮೂರೂವರೆ ಮೀಟರಿನವರೆಗೆ ಸುಣ್ಣದ ಕಡ್ಡಿಯಿಂದ ಅರ್ಧರ್ಧ ಮೀಟರಿಗೊಂದು ಗೆರೆ ಎಳೆದರು. ಏಳು ಅರ್ಧ ಎಣಿಸಿದರು. "ಅರ್ಧ ಜಗ್ಗಲಿಲ್ಲ ಅಂದ್ರ ಕಾಲು ಮಾಡೂದು" ಎಂದು ಪ್ರತಿ ಅರ್ಧವನ್ನೂ ಮತ್ತೆ ಮಡಚಿ ಗುರುತು ಹಾಕಿದರು. ಮಕ್ಕಳು ಕೂಗಿ ಎಣಿಸಿದರು. ಹದಿನಾಲ್ಕು ಕಾಲು. ಒಬ್ಬರಿಗೆ ಏಳು. ಒಂದೂಮುಕ್ಕಾಲು!

ನಾನು ಪಕ್ಕದಲ್ಲಿ ಪುಸ್ತಕದ ಕ್ರಮ ಬರೆದೆ: 7/2 × 1/2 = 7/4. ಅವರು ಬೋರ್ಡಿನ ಹತ್ತಿರ ಬಂದು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿದರು.

"ಏಳು ಕಾಲು. ಇದೂ ಅದss ಏನ್ರಿ?"

"ಹೌದ್ರಿ, ಅದss."

"ಇಷ್ಟ ಐತೇನ್ರಿ! ಇದಕ್ಕ ಅಂಜಿ ನಾ ಸಾಲಿ ತಪ್ಪಿಸ್ತಿದ್ದೆ ನೋಡ್ರಿ" ಎಂದು ಅವರು ಜೋರಾಗಿ ನಕ್ಕರು. ಮಗಳು ಓಡಿ ಬಂದು ಅವರ ಕೈಗೆ ಸುಣ್ಣದ ಕಡ್ಡಿ ಕೊಟ್ಟು, ಐದೂಕಾಲನ್ನು ಏಳು ಮಂದಿಗೆ ಬೋರ್ಡಿನ ಮೇಲೆ ಹಂಚು ಎಂದಳು.